ಗಾರಿಗೆ ಮತ್ತು ಸುಟ್ಟವು

ಹಲಸಿನ ಹಣ್ಣನ್ನು ಅಕ್ಕಿಯೊಡನೆ ರುಬ್ಬಿ, ಬೆಲ್ಲ ಬೆರೆಸಿ, ಎಣ್ಣೆಯಲ್ಲಿ ಕರಿದು ತೆಗೆಯುವ ಸಿಹಿತಿಂಡಿಗೆ ನಮ್ಮ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಒಂದೇ ಹೆಸರಿಲ್ಲ. ಒಂದು ಮನೆಯಲ್ಲಿ ಅದು ಮುಳಕ, ಇನ್ನೊಂದರಲ್ಲಿ ಗಾರಿಗೆ, ದಕ್ಷಿಣ ಕನ್ನಡದ ಹವ್ಯಕರಲ್ಲಿ ಸುಟ್ಟವು. ಕನ್ನಡ ಪಾಠ ಹೇಳಿ ಬದುಕುವ ನನ್ನಂಥವನಿಗೆ ತಿಂಡಿಗಿಂತ ಮೊದಲು ಅದರ ಹೆಸರು ರುಚಿಸುವುದು ಸಹಜವೇ. ಈ ಹೆಸರುಗಳಲ್ಲಿ ಎರಡನ್ನು ಹಿಡಿದು ನೋಡಿದರೆ, ಅರಸರ ಚರಿತ್ರೆಯಲ್ಲಿ ಸಿಕ್ಕದ ಕೆಲವು ಸಂಗತಿಗಳು ಕೈಗೆ ಹತ್ತುತ್ತವೆ.

ಗಾರಿಗೆ ಅರಮನೆಯನ್ನು ಕಂಡುಬಂದ ಹೆಸರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ ರಚಿತವಾದುದು 1129ರ ಸುಮಾರಿಗೆ. ಅದರ ಅನ್ನಭೋಗದ ಭಾಗದಲ್ಲಿ ‘ಘಾರಿಕಾ’ ಎಂಬ ಕರಿದ ಭಕ್ಷ್ಯದ ಮಾತು ಬರುತ್ತದೆ. ಅದು ಉದ್ದಿನ ತಿಂಡಿ, ಹಣ್ಣಿನ ಸುಳಿವಿಲ್ಲ. ಮರಾಠಿಯ ಘಾರ್ಗೆಯೂ ನಮ್ಮ ಗಾರಿಗೆಯೂ ಆ ಶಬ್ದದ ಸಂತಾನವೆಂದೇ ತೋರುತ್ತದೆ. ಆದರೆ ಮರಾಠಿ ಗೃಹಿಣಿ ಅದಕ್ಕೆ ಸಿಹಿಗುಂಬಳವನ್ನು ಸೇರಿಸಿದಳು, ನಮ್ಮವಳು ಹಲಸನ್ನು. ಹೆಸರು ದೊರೆಯದು, ಹಣ್ಣು ಹಿತ್ತಿಲಿನದು. ಉದ್ದನ್ನು ಬಿಡಿಸಿ ಹಲಸನ್ನು ತಂದ ಆ ಪುಣ್ಯಾತ್ಗಿತ್ತಿಗೆ ಯಾರೂ ಶಾಸನ ಕೆತ್ತಿಸಲಿಲ್ಲ.

ಸುಟ್ಟವು ಎಂಬುದಕ್ಕಾದರೋ ಸಂಸ್ಕೃತದ ಹಂಗಿಲ್ಲ. ಕರಿದುದನ್ನು ಸುಟ್ಟುದೆಂದು ಏಕೆನ್ನಬೇಕು ಎಂದು ಪಟ್ಟಣದ ವಾಚಕರು ಕೇಳಿಯಾರು. ತಮಿಳರು ಇಂದಿಗೂ ವಡೆಯನ್ನೂ ದೋಸೆಯನ್ನೂ ‘ಸುಡು’ತ್ತಾರಲ್ಲವೆ? ಒಲೆಯ ಮುಂದೆ ಬಾಳಿದ ಈ ಅರ್ಥ ನನಗಂತೂ ಘಾರಿಕೆಗಿಂತ ಹೆಚ್ಚು ಬೆಲೆಯುಳ್ಳದ್ದು.

ಅಷ್ಟು ಸಿಹಿಯಾದ ಹಣ್ಣನ್ನು ಹಾಗೆಯೇ ತಿನ್ನದೆ ಕರಿಯುವುದೇಕೆ? 1340ರ ದಶಕದಲ್ಲಿ ಹೊನ್ನಾವರ, ಬಾರಕೂರು, ಮಂಗಳೂರುಗಳ ಮೇಲೆ ಹಾದುಹೋದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಹಲಸನ್ನು ಬಾಯ್ತುಂಬ ಹೊಗಳಿದ್ದಾನೆ. ಅವನು ಹೇಳುವ ಎರಡು ಬಗೆಗಳಲ್ಲಿ ಹೆಚ್ಚು ಸಿಹಿಯಾದುದು ‘ಬರ್ಕಿ’. ಅದರಲ್ಲಿ ಮಲೆಯಾಳದ ವರಿಕ್ಕವೂ ನಮ್ಮ ಬಕ್ಕೆಯೂ ಕಿವಿಗೆ ಬೀಳುತ್ತವೆ. ಬೀಜವನ್ನು ಕೆಂಪು ಮಣ್ಣಿನಲ್ಲಿಟ್ಟರೆ ಮರುವರ್ಷದವರೆಗೂ ಕೆಡದೆಂದೂ ಅವನು ಬರೆದಿದ್ದಾನೆ. ಕರಾವಳಿಯ ಮನೆಗಳು ಬೀಜಕ್ಕೆ ಕೆಮ್ಮಣ್ಣು ಸವರಿ ಇಡುವ ಪದ್ಧತಿ ಹೀಗೆ ಆರುನೂರು ವರ್ಷಗಳಿಗೂ ಹಿಂದಿನದು. ಬೀಜ ಉಳಿದೀತು, ತೊಳೆ ಉಳಿಯದು. ಹತ್ತು ಹದಿನೈದು ಕಿಲೋ ತೂಗುವ ಹಣ್ಣನ್ನು ಕೊಯ್ದಮೇಲೆ ಮಳೆಗಾಲದ ಹವೆಯಲ್ಲಿ ಎರಡು ದಿನ ಇಡುವುದೂ ಕಷ್ಟ. ತಿಂದು, ಹಂಚಿ, ದನಕ್ಕೆ ಹಾಕಿ ಮಿಕ್ಕದ್ದು ಬಾಣಲೆಗೆ. ದುಡ್ಡು ತೆರಬೇಕಾದುದು ಬೆಲ್ಲಕ್ಕೂ ಎಣ್ಣೆಗೂ ಮಾತ್ರ. ಆದುದರಿಂದಲೇ ಬಡವರ ಮನೆಯಲ್ಲಿ ಇದು ಆಷಾಢಕ್ಕೊಂದೆರಡು ಸಲದ ಸಂಭ್ರಮವಾಗಿತ್ತು.

ಗರಿಗರಿಯಾಗಿಸುವ ಗುಟ್ಟು ಅಕ್ಕಿಯಲ್ಲಿದೆ. ಹಣ್ಣಿನಲ್ಲಿರುವುದು ನೀರು ಮತ್ತು ಸಕ್ಕರೆ, ಎರಡೂ ಗರಿಗೆ ಶತ್ರುಗಳೇ. ಒಂದು ಪಾವು ಅಕ್ಕಿಯನ್ನು ಎರಡು ಮೂರು ತಾಸು ನೆನೆಸಿ, ನೀರನ್ನು ಪೂರ್ತಿ ಬಸಿದು, ಎರಡು ಪಾವಿನಷ್ಟು ಹೆಚ್ಚಿದ ತೊಳೆ, ಅರ್ಧ ಪಾವು ಬೆಲ್ಲ, ಚಿಟಿಕೆ ಉಪ್ಪಿನೊಡನೆ ತರಿತರಿಯಾಗಿ ರುಬ್ಬಬೇಕು. ಹಣ್ಣಿನ ರಸವೇ ಸಾಕು, ಒಂದು ತೊಟ್ಟು ನೀರೂ ಕೂಡದು. ಕಾಯಿತುರಿ, ಎಳ್ಳು ಬೆರೆಸಿ, ನಿಂಬೆಗಾತ್ರದ ತುಂಡುಗಳನ್ನು ಕಾದ ತೆಂಗಿನೆಣ್ಣೆಗೆ ಬಿಟ್ಟು ಉರಿಯನ್ನು ತಗ್ಗಿಸಬೇಕು. ಉರಿ ಜೋರಾದರೆ ಬೆಲ್ಲ ಮೊದಲೇ ಕಪ್ಪಾಗಿ, ಒಳಗೆ ಹಸಿಹಿಟ್ಟು ಉಳಿಯುತ್ತದೆ. ಗೋದಿಹಿಟ್ಟಿನಲ್ಲಿ ಮಾಡುವವರುಂಟು; ಅದು ಮೆತ್ತಗೆ ಉಬ್ಬುವ ಬೇರೊಂದು ತಿಂಡಿಯೇ ಆಗುತ್ತದೆ.

ಪಟ್ಟಣದಲ್ಲಿ ತೊಳೆಯನ್ನು ತೂಗಿ ಕೊಡುತ್ತಾರೆ. ಕಾಲು ಕಿಲೋ ತಂದು ಮಾಡಿದರೂ ಆಗಬಹುದು. ಮರುದಿನಕ್ಕೆ ಗರಿ ಹೋಗಿ ಬೆಲ್ಲದ ಜಿಗುಟು ಮೇಲೆ ಬರುತ್ತದೆ. ಅದನ್ನೇ ಬೆಳಗಿನ ಕಾಫಿಗೆ ಬಯಸುವ ಒಂದು ಪಂಗಡವಿದೆ; ನಾನು ಅದಕ್ಕೆ ಸೇರಿದವನು.