ಮದುವೆ ಆದ್ರೆ ರಾಜೀನಾಮೆ ಕೊಡು!



ನಮ್ಮ ಕೇರಿಯ ಹುಡುಗಿಯೊಬ್ಬಳು ತಾಂಡ್ಯದ ಕಡೆ ಫ್ಯಾಕ್ಟರಿಯೊಂದಕ್ಕೆ ಕೆಲಸ ಕೇಳ್ಕೊಂಡು ಹೋಗಿದ್ಲು. ಡಿಪ್ಲೊಮಾ ಓದಿದೆ ಮಗು. ಮೊದಲು ಕೇಳಿದ್ದು, "ಮದುವೆ ಯಾವಾಗಮ್ಮ?" ಇದನ್ನ ಕೇಳಿದಾಗ ನನಗೆ ಕೊಡಗಿನ ಸಿ.ಬಿ. ಮುತ್ತಮ್ಮ ನೆನಪಾದ್ರು.

1924ರಲ್ಲಿ ವಿರಾಜಪೇಟೆಯಲ್ಲಿ ಹುಟ್ಟಿದವರು. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಸಂದರ್ಶನದಲ್ಲೇ ಹೆಣ್ಣಿಗೆ ಈ ಕೆಲಸ ಬೇಡ ಅಂತ ಹಿಂದೆ ಸರಿಸೋಕೆ ನೋಡಿದ್ರು. ಸೇರುವಾಗ, ಮದುವೆಯಾದ್ರೆ ರಾಜೀನಾಮೆ ಕೊಡ್ತೀನಿ ಅಂತ ಮುಚ್ಚಳಿಕೆ ಬರೆಸ್ಕೊಂಡ್ರು. ಗಂಡಸರಿಗೆ ಇಂಥದ್ದೇನೂ ಇರಲಿಲ್ಲ.

ಮುತ್ತಮ್ಮ ನಮ್ಮ ಕೇರಿಯವರಲ್ಲ, ಅರಣ್ಯಾಧಿಕಾರಿಯ ಮಗಳು. ಮದ್ರಾಸಿಗೆ ಹೋಗಿ ಎಂ.ಎ. ಓದಿದವರು. ಅದೇ ಕೊಡಗಿನ ಲೈನ್‌ಮನೆಯ ಯರವ ಹೆಣ್ಣುಮಗಳು ಆ ಪರೀಕ್ಷೆಯ ಹೆಸರನ್ನಾದರೂ ಕೇಳಿದ್ಲಾ? ಇದನ್ನ ಮರೆತು ನಾನು ಬರೀತಿಲ್ಲ.

1970ರಲ್ಲಿ ಹಂಗೇರಿಗೆ ರಾಯಭಾರಿಯಾದ್ರು. ಸೇವೆಯೊಳಗಿಂದಲೇ ಬೆಳೆದು ಆ ಹುದ್ದೆಗೇರಿದ ಮೊದಲ ಭಾರತೀಯ ಮಹಿಳೆ. ಆಮೇಲೆ ಆಫ್ರಿಕಾದ ಘಾನಾ. ಎನ್‌ಕ್ರುಮಾ ಮುಂದಾಳತ್ವದಲ್ಲಿ 1957ರಲ್ಲಿ ಬ್ರಿಟಿಷರಿಂದ ಬಿಡಿಸ್ಕೊಂಡ ನಾಡು ಅದು. ಅಲ್ಲಿ ಸ್ವತಂತ್ರ ಭಾರತದ ಪರವಾಗಿ ನಿಂತ ಹೆಣ್ಣುಮಗಳಿಗೆ ಸ್ವಂತ ಇಲಾಖೆಯಲ್ಲೇ ಸ್ವಾತಂತ್ರ್ಯ ಇರಲಿಲ್ಲ. 1961ರ ಸೇವಾ ನಿಯಮದ ಪ್ರಕಾರ ಮಹಿಳಾ ಅಧಿಕಾರಿ ಮದುವೆಗೆ ಸರ್ಕಾರದ ಲಿಖಿತ ಅನುಮತಿ ಪಡೀಬೇಕು. ಆದ್ಮೇಲೂ ಸಂಸಾರ ಕೆಲಸಕ್ಕೆ ಅಡ್ಡಿ ಅನ್ನಿಸಿದ್ರೆ ರಾಜೀನಾಮೆ ಕೇಳಬಹುದು. ಸಂವಿಧಾನ ಜಾರಿಯಾಗಿ 11 ವರ್ಷ ಆಗಿತ್ತು!

ಬಡ್ತಿ ತಪ್ಪಿಸಿದಾಗ ಅಮ್ಮ ಸುಪ್ರೀಂ ಕೋರ್ಟಿಗೆ ಹೋದ್ರು. ಕೇಸ್ ನಡೀತಿದ್ದಾಗಲೇ ಸರ್ಕಾರ ಗಡಿಬಿಡಿಯಲ್ಲಿ ಬಡ್ತಿ ಕೊಡ್ತು. 1979ರ ಸೆಪ್ಟೆಂಬರ್ 17ರಂದು ನ್ಯಾ. ಕೃಷ್ಣ ಅಯ್ಯರ್ ಹೇಳಿದ್ದು, ಅರ್ಜಿ ವಜಾ, ಸಮಸ್ಯೆ ವಜಾ ಅಲ್ಲ ಅಂತ. ಈ ನಿಯಮಗಳು 16ನೇ ವಿಧಿಗೆ ವಿರುದ್ಧ ಅಂತ ಛೀಮಾರಿ ಹಾಕಿದ್ರು. ಬಾಬಾಸಾಹೇಬರ ಸಂವಿಧಾನದ ಆ ವಿಧಿ ತೆಗೆದು ಓದಿ: ಜಾತಿ, ಲಿಂಗ ಎರಡೂ ಒಂದೇ ವಾಕ್ಯದಲ್ಲಿವೆ. ನಮ್ಮನ್ನ ಕಾಯೋ ಸಾಲೇ ಮುತ್ತಮ್ಮನನ್ನೂ ಕಾಯ್ತು.

ತೀರ್ಪು ಬಂದಾಗ ಅವರು ನೆದರ್ಲೆಂಡ್ಸ್‌ನ ಹೇಗ್‌ನಲ್ಲಿ ರಾಯಭಾರಿ. ಮದುವೆ ಆಗಲೇ ಇಲ್ಲ. 2009ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ್ರು.

16ನೇ ವಿಧಿ ಸರ್ಕಾರಿ ಕೆಲಸಕ್ಕೆ ಮಾತ್ರ, ಖಾಸಗಿ ಫ್ಯಾಕ್ಟರಿಗೆ ನೇರವಾಗಿ ಬರಲ್ಲ. ಆದ್ರೆ ಹೆಣ್ಣು ಅಂತ ನೇಮಕಾತಿಯಲ್ಲಿ ಭೇದ ಮಾಡಬಾರದು ಅಂತ 1976ರಲ್ಲೇ ಸಮಾನ ವೇತನ ಕಾಯ್ದೆ ಹೇಳಿತ್ತು. ಅದನ್ನೇ ಬರೆದು ಆ ಹುಡುಗಿ ಕೈಗೆ ಕೊಟ್ಟಿದ್ದೀನಿ. ಸೋಮವಾರ ಮತ್ತೆ ಹೋಗ್ತಾಳಂತೆ.