ಹನ್ನೆರಡು ಇಂಜಿನ್‌ಗಳ ಕ್ಯಾಪ್ಟನ್

ನೋಡಿ ವೀಕ್ಷಕರೇ, ಈ ಮನುಷ್ಯ ನನಗೆ ಮೊದಲು ಪರಿಚಯವಾಗಿದ್ದು ಒಂದು ವಿಮಾನದ ಮೂಲಕ. ಇಂಜಿನಿಯರಿಂಗ್ ಓದುವಾಗ ಪುಸ್ತಕವೊಂದರಲ್ಲಿ ಡಾರ್ನಿಯರ್ ಡೂ-ಎಕ್ಸ್ ಚಿತ್ರ ಕಂಡಿದ್ದೆ. ನೀರಿನ ಮೇಲೆ ಇಳಿಯೋ ವಿಮಾನ. ಅದಕ್ಕೆ ಒಂದಲ್ಲ, ಎರಡಲ್ಲ, 12 ಇಂಜಿನ್! 1929ರಲ್ಲೇ 169 ಜನರನ್ನು ಹೊತ್ತು ಹಾರಿತ್ತು. ತೂಕ ಎಷ್ಟು, ರೆಕ್ಕೆ ಎಷ್ಟು ಅಂತ ಲೆಕ್ಕ ಹಾಕುತ್ತಾ ಕೂತಿದ್ದೆ. ಕ್ಯಾಪ್ಟನ್ ಯಾರು ಅಂತ ತಲೆ ಕೆಡಿಸಿಕೊಂಡಿರಲಿಲ್ಲ.

ಕ್ಯಾಪ್ಟನ್ ಹೆಸರು ಫ್ರೀಡ್ರಿಕ್ ಕ್ರಿಸ್ಟಿಯಾನ್ಸೆನ್. ಹುಟ್ಟಿದ್ದು 1879ರಲ್ಲಿ, ಜರ್ಮನಿಯ ಉತ್ತರ ಸಮುದ್ರದ ಫೋರ್ ದ್ವೀಪದ ವೀಕ್ ಎಂಬ ಊರಲ್ಲಿ. ಹಡಗಿನವರ ಮನೆತನ. ಈತನೂ ಹಡಗು ಹತ್ತಿದ, ಆಮೇಲೆ ವಿಮಾನ ಕಲಿತ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂ ಕರಾವಳಿಯ ಝೇಬ್ರುಗೆಯಿಂದ ನೌಕಾಪಡೆಯ ವಿಮಾನ ಹಾರಿಸುತ್ತಿದ್ದ. 1917ರಲ್ಲಿ ಬ್ರಿಟಿಷರ ಒಂದು ವಾಯುನೌಕೆಯನ್ನು ಕೆಡವಿದ. 1918ರ ಜುಲೈನಲ್ಲಿ ಈತನ ತಂಡ ಸಿ-25 ಎಂಬ ಸಬ್‌ಮರೀನ್ ಮೇಲೆ ಗುಂಡಿನ ಮಳೆಗರೆಯಿತು. ಅದರ ಕ್ಯಾಪ್ಟನ್ ಸೇರಿ ಆರು ಮಂದಿ ಸತ್ತರು. ಜರ್ಮನಿ ತನ್ನ ಅತಿ ದೊಡ್ಡ ಶೌರ್ಯ ಪದಕ ಕೊಟ್ಟಿತು. ಯುದ್ಧ ಅಂದರೆ ಯುದ್ಧ, ಇಲ್ಲಿಯವರೆಗೆ ನನ್ನ ತಕರಾರಿಲ್ಲ.

1930ರ ನವೆಂಬರ್‌ನಲ್ಲಿ ಡೂ-ಎಕ್ಸ್ ಅಮೆರಿಕಕ್ಕೆ ಹೊರಟಿತು. ಲಿಸ್ಬನ್‌ನಲ್ಲಿ ರೆಕ್ಕೆಗೆ ಬೆಂಕಿ ಬಿತ್ತು, ರಿಪೇರಿ ಆಯಿತು. ನ್ಯೂಯಾರ್ಕ್ ಮುಟ್ಟಿದಾಗ 1931ರ ಆಗಸ್ಟ್! ಆದರೆ ನನ್ನನ್ನು ಕಾಡೋದು ಈ ಪ್ರಯಾಣದ ಮೊದಲ ನಿಲ್ದಾಣ: ಆಮ್‌ಸ್ಟರ್‌ಡ್ಯಾಮ್. ಅಲ್ಲಿಗೆ ಅತಿಥಿಯಾಗಿ ಹೋಗಿದ್ದವನು ಹತ್ತು ವರ್ಷವೂ ತುಂಬುವ ಮೊದಲು, 1940ರ ಮೇ ತಿಂಗಳಲ್ಲಿ, ಹಿಟ್ಲರನ ಜನರಲ್ ಆಗಿ ಅದೇ ನೆದರ್ಲೆಂಡ್ಸ್‌ಗೆ ಬಂದ. ಇಡೀ ದೇಶದ ಜರ್ಮನ್ ಸೇನೆಯ ಕಮಾಂಡರ್.

ಅಲ್ಲಿ ಪುಟ್ಟೆನ್ ಅಂತ ಒಂದು ಹಳ್ಳಿ. 1944ರ ಸೆಪ್ಟೆಂಬರ್ 30ರ ರಾತ್ರಿ ಡಚ್ ಹೋರಾಟಗಾರರು ಹಳ್ಳಿ ಹತ್ತಿರ ಒಂದು ಜರ್ಮನ್ ಕಾರಿನ ಮೇಲೆ ದಾಳಿ ಮಾಡಿದರು. ಒಬ್ಬ ಅಧಿಕಾರಿ ಸತ್ತ. ಕ್ರಿಸ್ಟಿಯಾನ್ಸೆನ್ ಆಜ್ಞೆ ಹೊರಡಿಸಿದ. ಸೇನೆ ಊರನ್ನು ಸುತ್ತುವರಿಯಿತು, ನೂರರಷ್ಟು ಮನೆಗಳಿಗೆ ಬೆಂಕಿ ಇಟ್ಟಿತು. ಊರಿನ ಗಂಡಸರನ್ನು ರೈಲಿಗೆ ತುಂಬಿತು. ಹೀಗೆ ಜರ್ಮನಿಯ ಯಾತನಾ ಶಿಬಿರಗಳಿಗೆ ಹೋದವರು 602. ವಾಪಸ್ ಬಂದವರು ಎಷ್ಟು ಗೊತ್ತಾ? 48.

ಈ ಸಂಖ್ಯೆ ಓದಿದ ದಿನ ನಾನು ಆ ವಿಮಾನದ ಚಿತ್ರ ಮತ್ತೆ ತೆಗೆದು ನೋಡಿದೆ. ಮೊದಲಿನ ಹಾಗೆ ಕಾಣಲಿಲ್ಲ.

1948ರಲ್ಲಿ ಡಚ್ ನ್ಯಾಯಾಲಯ 12 ವರ್ಷ ಶಿಕ್ಷೆ ಕೊಟ್ಟಿತು. 1951ರ ಕೊನೆಗೆ ಬಿಟ್ಟೂ ಬಿಟ್ಟರು. ಹುಟ್ಟೂರು ವೀಕ್ ಏನು ಮಾಡಿತು ಅಂತೀರಾ? ಒಂದು ರಸ್ತೆಗೆ ಮತ್ತೆ ಅವನ ಹೆಸರಿಟ್ಟಿತು! ಅವರ ಪಾಲಿಗೆ ಅವನು ಇನ್ನೂ ಸಮುದ್ರ ದಾಟಿದ ನಮ್ಮೂರ ಹುಡುಗ. ವಿರೋಧ ಬಂತು, ಆದರೂ ಹೆಸರು ಉಳಿಯಿತು. 1972ರಲ್ಲಿ, 93ನೇ ವಯಸ್ಸಿಗೆ ಕಾಲಿಡಲು ಒಂಬತ್ತು ದಿನ ಇರುವಾಗ, ಆತ ತೀರಿಕೊಂಡ. ರಸ್ತೆಯ ಹೆಸರು ಬದಲಾಗಿದ್ದು 1980ರಲ್ಲಿ.

ಪುಟ್ಟೆನ್‌ನಲ್ಲಿ ಒಂದು ಕಲ್ಲಿನ ಪ್ರತಿಮೆ ಇದೆ. ಆ ಊರಿನ ಉಡುಗೆಯ ಒಬ್ಬ ಹೆಂಗಸು, ಕೈಯಲ್ಲಿ ಕರವಸ್ತ್ರ. ಅದನ್ನು ನಿಲ್ಲಿಸಿದ್ದು 1949ರಲ್ಲಿ. ಅವಳು ಚರ್ಚ್ ಕಡೆಗೆ ನೋಡುತ್ತಾ ನಿಂತಿದ್ದಾಳೆ.