ಕಂಪನಿ ನಾಟಕದ ನಟೀಮಣಿ: ಶ್ರೀಮತಿ ಬಿ. ಜಯಮ್ಮನವರ ಕಲಾಜೀವನ

ಅಮರಕೋಶದ ನಾಟ್ಯವರ್ಗವನ್ನು ಬಾಯಿಪಾಠ ಮಾಡಿದವರಿಗೆಲ್ಲ ‘ಭ್ರುಕುಂಸ’ ಎಂಬ ಶಬ್ದವು ಪರಿಚಿತವಾಗಿಯೇ ಇರುವುದು. ಸ್ತ್ರೀವೇಷವನ್ನು ಧರಿಸಿದ ಪುರುಷನರ್ತಕನೆಂಬುದು ಅದರ ಅರ್ಥ. ಇಂತಹ ಒಂದು ಶಬ್ದವು ಕೋಶದಲ್ಲಿ ಸ್ಥಾನ ಪಡೆದಿರುವುದರಿಂದ, ಗಂಡಸರು ಹೆಣ್ಣಿನ ವೇಷ ಹಾಕುವ ಪದ್ಧತಿಯು ನಮ್ಮ ದೇಶದಲ್ಲಿ ಬಹಳ ಹಿಂದಿನದೆಂದು ಸ್ಪಷ್ಟವಾಗುತ್ತದೆ. ಆದರೆ ಇದೇ ರಂಗದ ಶಾಸ್ತ್ರಕಾರನಾದ ಭರತಮುನಿಯ ಅಭಿಪ್ರಾಯವು ಬೇರೆಯಾಗಿದ್ದಿತು. ನಾಟ್ಯಕ್ಕೆ ಕೈಶಿಕೀವೃತ್ತಿಯನ್ನೂ ಸೇರಿಸಬೇಕೆಂದು ಬ್ರಹ್ಮನು ಅಪ್ಪಣೆ ಮಾಡಿದಾಗ, ಶೃಂಗಾರಕ್ಕೂ ಗೀತನೃತ್ಯಗಳಿಗೂ ಆಶ್ರಯವಾದ ಆ ವೃತ್ತಿಯನ್ನು ಸ್ತ್ರೀಯರಿಲ್ಲದೆ ಪುರುಷರಷ್ಟೇ ಪ್ರಯೋಗಿಸಲಾಗದೆಂದು ಭರತನು ಬಿನ್ನವಿಸಿಕೊಂಡನಂತೆ. ಆಗ ಬ್ರಹ್ಮನು ತನ್ನ ಮನಸ್ಸಿನಿಂದಲೇ ಅಪ್ಸರೆಯರನ್ನು ಸೃಷ್ಟಿಸಿ ಕೊಟ್ಟನಂತೆ. ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿಯೇ ಈ ಕಥೆ ಬರುತ್ತದೆ. ಕಥೆಯ ದಿವ್ಯಾಂಶವನ್ನು ಬದಿಗಿಟ್ಟರೂ, ಅದರಲ್ಲಿ ಅಡಗಿರುವ ರಂಗಾನುಭವವು ಸತ್ಯವಾದದ್ದು. ಕನ್ನಡ ರಂಗಭೂಮಿಯು ಆ ಸತ್ಯವನ್ನು ಮತ್ತೊಮ್ಮೆ ಕಂಡುಕೊಂಡದ್ದು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ. ಹಾಗೆ ಕಂಡುಕೊಂಡ ಕಾಲದಲ್ಲಿ ಬಾಲ್ಯದಿಂದಲೂ ರಂಗದ ಮೇಲೆಯೇ ಬೆಳೆದ ಒಬ್ಬ ನಟಿಯ ಜೀವನವನ್ನು ಇಲ್ಲಿ ವಾಚಕರ ಮುಂದಿಡುವ ಉದ್ದೇಶವಿದೆ.

ಹಳೆಯ ಮೈಸೂರು ಸೀಮೆಯಲ್ಲಿ ಆಧುನಿಕ ನಾಟಕವು ಅರಮನೆಯ ಆಶ್ರಯದಲ್ಲಿ ತಲೆಯೆತ್ತಿತು. ಹತ್ತನೆಯ ಚಾಮರಾಜೇಂದ್ರ ಒಡೆಯರವರ ಕಾಲದಲ್ಲಿ ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಿಸಿದರು. ‘ಅಭಿನವ ಕಾಳಿದಾಸ’ ಎಂಬ ಬಿರುದಿಗೂ ಪಾತ್ರರಾದರು. ಆ ನಾಟಕದ ಪ್ರಸ್ತಾವನೆಯನ್ನು ಸ್ಮರಿಸಿಕೊಳ್ಳಬೇಕು. ಸೂತ್ರಧಾರನ ಕೋರಿಕೆಯಂತೆ ನಟಿಯು ಗ್ರೀಷ್ಮಋತುವನ್ನು ಕುರಿತು ಹಾಡುತ್ತಾಳೆ. ಸಭೆಯೆಲ್ಲವೂ ಚಿತ್ರದಲ್ಲಿ ಬರೆದಂತೆ ನಿಶ್ಚಲವಾಗುತ್ತದೆ. ತಾನು ಆಡಿಸಬೇಕಾದ ನಾಟಕವಾವುದೆಂಬುದನ್ನೇ ಸೂತ್ರಧಾರನು ಆ ಹಾಡಿನಲ್ಲಿ ಮರೆತುಬಿಡುತ್ತಾನೆ. ಹೆಣ್ಣಿನ ಕಂಠದ ಮಹಿಮೆಯನ್ನು ಇದಕ್ಕಿಂತ ಸೊಗಸಾಗಿ ಹೇಳುವುದು ಕಷ್ಟ. ಆದರೆ ಅರಮನೆಯ ಮಂಡಲಿಯಲ್ಲಿಯೂ ಅದನ್ನು ಅನುಸರಿಸಿ ಹುಟ್ಟಿದ ಕಂಪನಿಗಳಲ್ಲಿಯೂ ನಟಿ, ಶಕುಂತಲೆ, ಅನಸೂಯೆ, ಪ್ರಿಯಂವದೆ ಎಲ್ಲರೂ ಗಂಡಸರೇ ಆಗಿದ್ದರು.

ಇದರಿಂದ ಉಂಟಾಗುತ್ತಿದ್ದ ತೊಡಕು ಕೇವಲ ರೂಪಕ್ಕೆ ಸಂಬಂಧಿಸಿದುದಲ್ಲ. ರೂಪವನ್ನು ಬಣ್ಣವೂ ಸೀರೆಯೂ ಚೌರಿಯೂ ಹೇಗೋ ಸರಿತೂಗಿಸುತ್ತಿದ್ದವು. ಕಂಪನಿ ನಾಟಕವೆಂದರೆ ಮುಖ್ಯವಾಗಿ ಸಂಗೀತನಾಟಕ. ರಾತ್ರಿ ಆರಂಭವಾದ ಆಟವು ಬೆಳಗಿನ ಜಾವದವರೆಗೂ ಹಾಡುಗಳ ಮೇಲೆಯೇ ನಡೆಯುತ್ತಿದ್ದಿತು. ಸ್ತ್ರೀಪಾತ್ರಕ್ಕೆಂದು ಆರಿಸಿದ ಹುಡುಗನ ಕಂಠವು ಹದಿಮೂರು ಹದಿನಾಲ್ಕನೆಯ ವಯಸ್ಸಿಗೆ ಒಡೆಯುತ್ತಿದ್ದಿತು. ವರ್ಷಗಟ್ಟಲೆ ಶಿಕ್ಷಣ ಕೊಟ್ಟು ಸಿದ್ಧಪಡಿಸಿದ ನಾಯಿಕೆಯು ಒಂದು ಮಳೆಗಾಲ ಕಳೆಯುವುದರೊಳಗಾಗಿ ಕಂಪನಿಯ ಕೈಬಿಟ್ಟು ಹೋಗುತ್ತಿದ್ದಳು! ಹಾಗೆ ಕಂಠ ಒಡೆದ ಮೇಲೂ ಸ್ತ್ರೀಪಾತ್ರದಲ್ಲಿ ನಿಂತು ಕೀರ್ತಿ ಪಡೆದವರಿಲ್ಲದಿಲ್ಲ. ಮಹಾರಾಷ್ಟ್ರದ ಬಾಲಗಂಧರ್ವರು ಅದಕ್ಕೆ ಪರಮೋದಾಹರಣೆ. ಆದರೆ ಬಾಲಗಂಧರ್ವರಂತಹವರು ಶತಮಾನಕ್ಕೊಬ್ಬರು ಹುಟ್ಟುತ್ತಾರೆ. ಕಂಪನಿಗಳಿಗಾದರೋ ದಿನವೂ ಆಟ ನಡೆಯಬೇಕು.

ಹೀಗಿರುವಾಗ ಸ್ತ್ರೀಯರೇಕೆ ಬರಲಿಲ್ಲವೆಂದರೆ, ಗೃಹಸ್ಥರ ಮನೆಯ ಹೆಣ್ಣುಮಕ್ಕಳು ಪರಪುರುಷರ ಮುಂದೆ ಹಾಡುವುದೇ ಅಂದು ನಿಷಿದ್ಧವಾಗಿದ್ದಿತು. ಸಂಗೀತವು ಯಾರ ಮನೆಗಳಲ್ಲಿ ವಂಶಪಾರಂಪರ್ಯವಾಗಿ ಉಳಿದಿದ್ದಿತೋ ಆ ಗಾಯಿಕೆಯರನ್ನು ಸಮಾಜವು ದೂರವೇ ಇಟ್ಟಿದ್ದಿತು. ಮೈಸೂರು ಸರಕಾರವು ೧೯೦೯ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಆಜ್ಞೆಯ ಉದ್ದೇಶವು ಒಳ್ಳೆಯದೇ ಆಗಿದ್ದರೂ, ಹಾಡುವುದನ್ನೂ ನರ್ತಿಸುವುದನ್ನೂ ಬಿಟ್ಟರೆ ಬೇರೆ ವೃತ್ತಿಯನ್ನು ಅರಿಯದವರ ಹೊಟ್ಟೆಯ ಪಾಡೇನೆಂಬುದನ್ನು ಅದು ವಿಚಾರಿಸಲಿಲ್ಲ. ನಾಟಕಕ್ಕೆ ಬಂದ ನಟಿಯರೆಲ್ಲರೂ ಒಂದೇ ಬಗೆಯ ಮನೆಗಳಿಂದ ಬಂದವರಲ್ಲ. ಆದರೆ ಅವರೆಲ್ಲರಿಗೂ ಒಂದೇ ಬಗೆಯ ನಿಂದೆಯು ಕಾದಿದ್ದಿತು.

ತುಮಕೂರು ಸೀಮೆಯ ಗುಬ್ಬಿಯಲ್ಲಿ ೧೮೮೪ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವನ್ನು ಅರಿಯದ ಕನ್ನಡಿಗರಿಲ್ಲ. ಬಾಲನಟನಾಗಿ ಅದನ್ನು ಸೇರಿದ ವೀರಣ್ಣನವರು ೧೯೧೭ರಲ್ಲಿ ಅದರ ಒಡೆತನವನ್ನು ವಹಿಸಿಕೊಂಡರು. ಸ್ತ್ರೀಪಾತ್ರಗಳನ್ನು ಸ್ತ್ರೀಯರಿಂದಲೇ ಮಾಡಿಸಬೇಕೆಂದು ಧೈರ್ಯಮಾಡಿದವರ ಪಂಕ್ತಿಯಲ್ಲಿ ಅವರ ಹೆಸರು ಮುಂದಾಗಿರುವುದು ನ್ಯಾಯವಾಗಿಯೇ ಇದೆ. ಈ ಕಂಪನಿಯಲ್ಲಿಯೇ ಬಿ. ಜಯಮ್ಮನವರು ಬೆಳೆದರು. ೧೯೧೫ರಲ್ಲಿ ಚಿಕ್ಕಮಗಳೂರಿನಲ್ಲಿ ಜನಿಸಿದ ಅವರು ಎಳೆಯ ವಯಸ್ಸಿನಲ್ಲಿಯೇ ಕಂಪನಿಯನ್ನು ಸೇರಿ, ಬಾಲಪಾತ್ರಗಳಿಂದ ನಾಯಿಕಾಪಾತ್ರಗಳಿಗೇರಿ, ಮುಂದೆ ವೀರಣ್ಣನವರ ಕೈಹಿಡಿದರು.

ಕಂಪನಿಯ ಮನೆಯೆಂಬುದು ಒಂದು ಗುರುಕುಲವೇ ಸರಿ. ಆದರೆ ಊರಿಂದೂರಿಗೆ ಸಾಗುವ ಗುರುಕುಲ. ಒಂದೂರಿನಲ್ಲಿ ಕ್ಯಾಂಪು ಮುಗಿದೊಡನೆ ಪರದೆಗಳೂ ಪೆಟ್ಟಿಗೆಗಳೂ ಅಡಿಗೆಯ ಪಾತ್ರೆಗಳೂ ಮಕ್ಕಳುಮರಿಗಳೂ ಮುಂದಿನೂರಿಗೆ ಹೊರಡುತ್ತಿದ್ದವು. ಹಗಲಿನಲ್ಲಿ ಹಾರ್ಮೋನಿಯಂ ಮಾಸ್ತರರ ಮುಂದೆ ಕುಳಿತು ಹಾಡುಗಳ ಅಭ್ಯಾಸ, ಇರುಳಿನಲ್ಲಿ ಆಟ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಟ್ಟಕಡೆಯಲ್ಲಿ ನೆಲದ ಮೇಲೆ ಕುಳಿತವನಿಗೂ ಸಾಹಿತ್ಯದ ಒಂದೊಂದು ಅಕ್ಷರವೂ ಕೇಳಿಸಬೇಕು. ಕೇಳಿಸಿದುದು ಹಿಡಿಸಿದರೆ ‘ಒನ್ಸ್ ಮೋರ್’ ಎಂಬ ಕೂಗು. ಕೂಗು ಬಂದರೆ ಅದೇ ಹಾಡನ್ನು ಅದೇ ಕಸುವಿನಿಂದ ಮತ್ತೆ ಹಾಡಬೇಕು. ಇಂತಹ ಶಿಕ್ಷಣವು ಯಾವ ಸಂಗೀತಶಾಲೆಯಲ್ಲಿಯೂ ದೊರೆಯದು. ಮಾತಿನಲ್ಲಿ ಭಾವವನ್ನು ತುಂಬಿ, ಆ ಭಾವವು ತುಂಬಿ ತುಳುಕುವೆಡೆಯಲ್ಲಿ ಹಾಡಿಗೆ ತಿರುಗುವುದೇ ಕಂಪನಿ ನಟಿಯ ಮುಖ್ಯವಿದ್ಯೆ. ಜಯಮ್ಮನವರು ಈ ವಿದ್ಯೆಯಲ್ಲಿ ಪಳಗಿದವರು.

ಅವರ ಕಂಪನಿಯ ಪ್ರಸಿದ್ಧ ನಾಟಕಗಳಲ್ಲಿ ‘ಸದಾರಮೆ’ಯೂ ಒಂದು. ಕಳ್ಳನ ಕೈಗೆ ಸಿಕ್ಕಿಬಿದ್ದ ನಾಯಿಕೆಯು ತನ್ನ ಬುದ್ಧಿಬಲದಿಂದ ಪಾರಾಗಿ, ಗಂಡುವೇಷ ಧರಿಸಿ ತನ್ನ ಬಾಳನ್ನು ತಾನೇ ತಿದ್ದಿಕೊಳ್ಳುವ ಕಥೆ. ಕಳ್ಳನ ಪಾತ್ರದಲ್ಲಿ ವೀರಣ್ಣನವರು ಜನರನ್ನು ನಗೆಗಡಲಿನಲ್ಲಿ ಮುಳುಗಿಸುತ್ತಿದ್ದರು. ಹಳೆಯ ಪದ್ಧತಿಯಲ್ಲಿ ಈ ಆಟವಾದರೆ ಹೆಣ್ಣಾದ ಗಂಡು ಮತ್ತೆ ಗಂಡಾಗುವ ವಿಚಿತ್ರವು ಏರ್ಪಡುವುದು! ನಿಜವಾದ ಸ್ತ್ರೀಯು ಆ ಪಾತ್ರವನ್ನು ವಹಿಸಿದಾಗಲೇ ಕಥೆಯ ಸ್ವಾರಸ್ಯವು ಪೂರ್ಣವಾಗಿ ಹೊರಬೀಳುತ್ತದೆ. ಹೆಣ್ಣಿನ ಸಾಹಸವು ಹೆಣ್ಣಿನದಾಗಿಯೇ ಕಾಣುತ್ತದೆ.

ಅಷ್ಟರಲ್ಲಿ ಚಲನಚಿತ್ರದ ಕಾಲವು ಬಂದಿತು. ೧೯೩೦ರ ದಶಕದ ಆರಂಭದಲ್ಲಿ ವೀರಣ್ಣನವರು ಮೂಕಚಿತ್ರಗಳ ತಯಾರಿಕೆಗೂ ಕೈಹಾಕಿದರು. ಜಯಮ್ಮನವರು ಅವುಗಳಲ್ಲಿ ನಟಿಸಿದರು. ಹಾಡುವ ನಟಿಗೆ ಮೂಕಚಿತ್ರವೆಂದರೆ ವೀಣೆಯ ತಂತಿಗಳನ್ನು ಬಿಚ್ಚಿಟ್ಟು ಬರಿಯ ಕಾಯಿಯನ್ನು ಮೆರೆಸಿದಂತೆ. ಆದರೆ ಆ ಕೊರತೆಯು ಬಹುಕಾಲ ಉಳಿಯಲಿಲ್ಲ. ೧೯೩೪ರಲ್ಲಿ ತೆರೆಕಂಡ ‘ಸತಿ ಸುಲೋಚನ’ದಿಂದ ಕನ್ನಡದ ಪರದೆಯೂ ಮಾತನಾಡತೊಡಗಿತು. ಅದರ ಮರುವರ್ಷವೇ ‘ಸದಾರಮೆ’ಯು ಚಿತ್ರವಾಯಿತು. ಸುಮಾರು ಇಪ್ಪತ್ತು ವರ್ಷ ವಯಸ್ಸಿನ ಜಯಮ್ಮನವರು ಅದರಲ್ಲಿದ್ದರು, ಕೆ. ಅಶ್ವತ್ಥಮ್ಮನವರೆಂಬ ಇನ್ನೊಬ್ಬ ಗಾಯಿಕಾನಟಿಯೂ ಇದ್ದರು.

ಅಶ್ವತ್ಥಮ್ಮನವರ ವಿಷಯವಾಗಿ ಇಲ್ಲಿಯೇ ಎರಡು ಮಾತು ಹೇಳುವುದು ಉಚಿತ. ೧೯೩೭ರಲ್ಲಿ ವೈ. ವಿ. ರಾವ್ ಅವರು ನಿರ್ದೇಶಿಸಿದ ‘ಚಿಂತಾಮಣಿ’ ಎಂಬ ತಮಿಳು ಚಿತ್ರದಲ್ಲಿ ಅವರು ಎಂ. ಕೆ. ತ್ಯಾಗರಾಜ ಭಾಗವತರ ಎದುರಿಗೆ ನಾಯಿಕೆಯಾದರು. ಚಿತ್ರವು ಒಂದೇ ಥಿಯೇಟರಿನಲ್ಲಿ ವರ್ಷಕ್ಕೂ ಮೀರಿ ನಡೆಯಿತು. ಅದರ ಲಾಭದಿಂದ ಮಧುರೆಯಲ್ಲಿ ಅದೇ ಹೆಸರಿನ ಚಿತ್ರಮಂದಿರವೇ ಎದ್ದಿತು. ಕನ್ನಡದ ಕಂಠವೊಂದು ತಮಿಳು ನಾಡನ್ನು ಹೀಗೆ ಗೆದ್ದಿತು. ಆದರೆ ಅಶ್ವತ್ಥಮ್ಮನವರು ಅಲ್ಪಾಯುಷಿಗಳು. ೧೯೪೦ರ ದಶಕದಲ್ಲಿಯೇ ತೀರಿಕೊಂಡರು. ಭಾಗವತರ ಹೆಸರು ಇಂದಿಗೂ ತಮಿಳರ ನಾಲಗೆಯ ಮೇಲಿದೆ; ಅಶ್ವತ್ಥಮ್ಮನವರ ಹೆಸರನ್ನು ಕನ್ನಡಿಗರಾದ ನಾವೇ ಮರೆತಿದ್ದೇವೆ.

ಉತ್ತರದ ಕಡೆ ನೋಡಿದರೂ ಇದೇ ಬಗೆಯ ಸಂಗತಿ ಕಾಣುತ್ತದೆ. ವಿಜಾಪುರ ಸೀಮೆಯ ಬೀಳಗಿಯಿಂದ ಹೊರಟ ಗೋಹರಬಾಯಿ, ಅಮೀರಬಾಯಿ ಸೋದರಿಯರು ‘ಕರ್ನಾಟಕಿ’ ಎಂಬುದನ್ನೇ ತಮ್ಮ ಹೆಸರಿನೊಡನೆ ಧರಿಸಿದರು. ಅಮೀರಬಾಯಿಯವರು ಹಿಂದಿ ಚಿತ್ರಗಳಲ್ಲಿ ಹಾಡಿ, ೧೯೪೩ರ ‘ಕಿಸ್ಮತ್’ ಚಿತ್ರದ ಗೀತೆಗಳಿಂದ ದೇಶವಿಖ್ಯಾತರಾದರು. ಗೋಹರಬಾಯಿಯವರು ಬಾಲಗಂಧರ್ವರ ಕಂಪನಿಯನ್ನೇ ಸೇರಿ ನಾಯಿಕೆಯಾದರು. ಸ್ತ್ರೀಪಾತ್ರದ ಚಕ್ರವರ್ತಿಯ ರಂಗದ ಮೇಲೆಯೇ ಸ್ತ್ರೀಪಾತ್ರವು ಸ್ತ್ರೀಯ ಕೈಗೆ ಬಂದಿತೆಂದರೆ ಕಾಲವು ಎಷ್ಟು ತಿರುಗಿದ್ದಿತೆಂಬುದನ್ನು ಊಹಿಸಬಹುದು.

ಜಯಮ್ಮನವರಿಗಾದರೋ ದೈವವು ದೀರ್ಘಾಯುಷ್ಯವನ್ನು ಕೊಟ್ಟಿತು. ೧೯೪೧ರ ‘ಸುಭದ್ರಾ’, ಅ. ನ. ಕೃಷ್ಣರಾಯರ ಕಥೆಯನ್ನು ಆಧರಿಸಿ ೧೯೪೨ರಲ್ಲಿ ಬಂದ ‘ಜೀವನ ನಾಟಕ’, ಅನಂತರದ ‘ಹೇಮರೆಡ್ಡಿ ಮಲ್ಲಮ್ಮ’, ಹೀಗೆ ಪೌರಾಣಿಕ, ಸಾಮಾಜಿಕ, ಭಕ್ತಿಪ್ರಧಾನಗಳೆಂಬ ಮೂರು ಬಗೆಯ ಚಿತ್ರಗಳಲ್ಲಿಯೂ ಅವರು ನಾಯಿಕೆಯಾದರು. ೧೯೪೫ರಲ್ಲಿ ಬಿ. ಎನ್. ರೆಡ್ಡಿಯವರ ‘ಸ್ವರ್ಗಸೀಮ’ ಎಂಬ ತೆಲುಗು ಚಿತ್ರದಲ್ಲಿ ನಾಗಯ್ಯನವರ ಪತ್ನಿಯಾದ ಕಲ್ಯಾಣಿಯ ಪಾತ್ರವನ್ನು ವಹಿಸಿದರು. ಗಂಡನು ನಾಟಕದ ನಟಿಯೊಬ್ಬಳಿಗೆ ಮರುಳಾಗಿ ಮನೆಯನ್ನು ತೊರೆದಾಗ ಸಹನೆಯಿಂದ ಕಾಯುವ ಗೃಹಿಣಿಯ ಪಾತ್ರವದು. ಬಾಲ್ಯದಿಂದಲೂ ನಾಟಕದ ನಟಿಯಾಗಿ, ಜನರ ಮೆಚ್ಚುಗೆಯೊಡನೆ ಅವರ ಸಂಶಯವನ್ನೂ ಹೊತ್ತವರು, ಆ ಸಂಶಯಕ್ಕೆ ಪ್ರತಿಯಾದ ಗೃಹಿಣಿಯ ಮನಸ್ಸನ್ನು ಅಭಿನಯಿಸಿದರು. ಇದಕ್ಕಿಂತ ಹೆಚ್ಚಿನ ಕಲಾಪರೀಕ್ಷೆ ಮತ್ತಾವುದಿದ್ದೀತು? ಮುಂದೆ ವಯಸ್ಸು ಏರಿದಂತೆ ತಾಯಿಯ ಪಾತ್ರಗಳಿಗೆ ಅವರು ಹಿಂಜರಿಯದೆ ಸರಿದರು. ೧೯೮೮ರಲ್ಲಿ ತೀರಿಕೊಂಡರು.

ಈ ಕಥೆಗೂ ನಮ್ಮ ಸೀಮೆಗೂ ಏನು ಸಂಬಂಧವೆಂದು ಮಾಂಬಳ್ಳಿ, ಯಳಂದೂರು, ಕೊಳ್ಳೇಗಾಲಗಳ ವಾಚಕರು ಕೇಳಬಹುದು. ಕೊಳ್ಳೇಗಾಲ ತಾಲ್ಲೂಕು ೧೯೫೬ರವರೆಗೂ ಮದರಾಸು ಆಧಿಪತ್ಯದ ಕೊಯಿಮತ್ತೂರು ಜಿಲ್ಲೆಗೆ ಸೇರಿದ್ದರೂ, ಇಲ್ಲಿಯ ಜನರ ಕಿವಿಯು ಕನ್ನಡ ನಾಟಕದ ಕಡೆಗೇ ಇದ್ದಿತು. ಆ ತಾಲ್ಲೂಕಿನ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರು ಜಯಮ್ಮನವರಿದ್ದ ಗುಬ್ಬಿ ಕಂಪನಿಯಲ್ಲಿಯೇ ನಟರಾಗಿದ್ದರು. ಅವರ ಮಗ ಮುತ್ತುರಾಜನು ತಂದೆಯ ಬೆನ್ನಹಿಂದೆ ಬಾಲ್ಯದಲ್ಲಿಯೇ ಆ ರಂಗವನ್ನು ಹತ್ತಿ, ೧೯೫೪ರ ‘ಬೇಡರ ಕಣ್ಣಪ್ಪ’ದಿಂದ ರಾಜಕುಮಾರರಾದದ್ದು ಎಲ್ಲರೂ ಬಲ್ಲ ಸಂಗತಿ. ಮಾತಿನಿಂದ ಹಾಡಿಗೆ ಸಲೀಸಾಗಿ ಸಾಗುವ ಅವರ ಕಂಠವನ್ನು ಕೊಂಡಾಡುವ ನಾವು, ಅದೇ ಗರಡಿಯಲ್ಲಿ ಅವರಿಗಿಂತ ಮೊದಲೇ ಪಳಗಿದ ಸ್ತ್ರೀಯರ ಕಂಠಗಳನ್ನೂ ನೆನೆಯುವುದು ಧರ್ಮ.

ಇನ್ನೂ ಹಿಂದಕ್ಕೆ ಹೋದರೆ, ಯಳಂದೂರಿನಲ್ಲಿಯೇ ಹುಟ್ಟಿದ ಸಂಚಿಯ ಹೊನ್ನಮ್ಮನು ನೆನಪಿಗೆ ಬರುತ್ತಾಳೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುತ್ತಿದ್ದವಳು ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ವನ್ನು ರಚಿಸಿದಳು. ಪತಿವ್ರತೆಯರ ಧರ್ಮವನ್ನು ಹೇಳಹೊರಟ ಆಕೆಯೇ, ಹೆಣ್ಣುಮಗುವನ್ನು ಹೀನಾಯವಾಗಿ ಕಾಣುವವರನ್ನು ತಡೆದು ನಿಲ್ಲಿಸಿ, ನಿಮ್ಮನ್ನು ಹೆತ್ತವಳೂ ಹೆಣ್ಣಲ್ಲವೆ ಎಂದು ಕೇಳಿದಳು. ಸೇವಕಿಯ ಸ್ಥಾನದಿಂದ ವಿದ್ಯೆಯೊಂದನ್ನೇ ಹಿಡಿದು ಮೇಲೆದ್ದವಳು ಹೊನ್ನಮ್ಮ. ಕಂಠವೊಂದನ್ನೇ ಹಿಡಿದು ಮೇಲೆದ್ದವರು ಕಂಪನಿಯ ನಟಿಯರು. ಕವಿಗೆ ಒಂದು ಭಾಗ್ಯವುಂಟು: ಓಲೆಯಲ್ಲಿ ಬರೆದುದು ಉಳಿಯುತ್ತದೆ. ಹಾಡಿದುದು ಗಾಳಿಯಲ್ಲಿ ಹೋಗುತ್ತದೆ. ಸೆರೆಹಿಡಿದುದಾದರೂ ಉಳಿಯಿತೆ ಎಂದರೆ, ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಇಲ್ಲ, ಅದರ ನಾಯಿಕೆಯಾದ ತ್ರಿಪುರಾಂಬೆಯವರ ಅಭಿನಯವನ್ನು ಇನ್ನು ಯಾರೂ ನೋಡುವಂತಿಲ್ಲ.

ನಾಟಕದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ, ಇಂತಹ ಮಾಲೀಕರು ಸ್ತ್ರೀಯರಿಗೆ ಅವಕಾಶ ಕೊಟ್ಟರೆಂದು ಬರೆಯುತ್ತಾರೆ. ಅದು ಸತ್ಯವೇ, ಆದರೆ ಅರ್ಧಸತ್ಯ. ಭರತನಿಗೆ ಅಪ್ಸರೆಯರು ಬೇಕಾಗಿದ್ದಂತೆ ಕಂಪನಿಗಳಿಗೂ ನಟಿಯರು ಬೇಕಾಗಿದ್ದರು. ಅವಕಾಶವನ್ನು ಕೊಟ್ಟವರು ಹಣವನ್ನು ಪಣವಾಗಿಟ್ಟರು. ಅದನ್ನು ಸ್ವೀಕರಿಸಿದವರು ತಮ್ಮ ಮಾನವನ್ನೇ ಪಣವಾಗಿಟ್ಟರು. ಎರಡನೆಯ ಪಣವು ಹೆಚ್ಚಿನದೆಂಬುದರಲ್ಲಿ ಸಂದೇಹವಿಲ್ಲ.

ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕುರುಕ್ಷೇತ್ರ ಮೊದಲಾದ ಪೌರಾಣಿಕ ನಾಟಕಗಳು ನಡೆಯುತ್ತವೆ. ಊರಿನ ಗಂಡಸರು ತಿಂಗಳುಗಟ್ಟಲೆ ನಾಟಕದ ಮೇಷ್ಟ್ರಲ್ಲಿ ಅಭ್ಯಾಸಮಾಡಿ ಭೀಮಾರ್ಜುನರಾಗುತ್ತಾರೆ. ದ್ರೌಪದಿ, ಕುಂತಿ, ರುಕ್ಮಿಣಿಯರ ಪಾತ್ರಕ್ಕೆ ಹೊರಗಿನಿಂದ ವೃತ್ತಿನಟಿಯರು ಬರುತ್ತಾರೆ. ಇರುಳೆಲ್ಲ ಹಾಡಿ, ಮೇಷ್ಟ್ರ ಶ್ರುತಿಗೂ ಹೊಸ ನಟರ ತಪ್ಪಿದ ತಾಳಕ್ಕೂ ಹೊಂದಿಕೊಂಡು, ಬೆಳಗಾಗುವುದರೊಳಗಾಗಿ ಸಂಭಾವನೆಯನ್ನು ಎಣಿಸಿಕೊಂಡು ಇನ್ನೊಂದೂರಿಗೆ ಹೊರಡುತ್ತಾರೆ. ಊರಿನ ನಟರಿಗೆ ಹಾರಗಳು ಬೀಳುತ್ತವೆ. ಈ ನಟಿಯರ ಹೆಸರನ್ನು ಕೇಳಿ ತಿಳಿಯುವವರೂ ವಿರಳ. ಅವರು ಜಯಮ್ಮನವರ, ಅಶ್ವತ್ಥಮ್ಮನವರ ವಿದ್ಯೆಗೆ ವಾರಸುದಾರರು. ಅವರನ್ನು ಆದರದಿಂದ ಬರಮಾಡಿಕೊಂಡು, ಮನೆಯ ಹೆಣ್ಣುಮಕ್ಕಳಂತೆ ಕಂಡು, ಒಪ್ಪಿದ ಹಣವನ್ನು ಕಾಡಿಸದೆ ಕೊಟ್ಟು, ಕರಪತ್ರದಲ್ಲಿ ಅವರ ಹೆಸರನ್ನು ಉಳಿದವರ ಹೆಸರಿನಷ್ಟೇ ದಪ್ಪಕ್ಷರದಲ್ಲಿ ಅಚ್ಚುಹಾಕಿಸುವುದು ಯಾವ ಊರಿಗೂ ಅಸಾಧ್ಯವಾದ ಕಾರ್ಯವಲ್ಲ. ಹೊನ್ನಮ್ಮನು ಹುಟ್ಟಿದ ಸೀಮೆಯವರು ಇದನ್ನು ಮೊದಲು ಮಾಡಿ ತೋರಿಸಲಿ.